ರೀಸ್ಟಾರ್ಟ್ ಆದಾಗಲೆಲ್ಲ ಪ್ಲೇಲಿಸ್ಟ್ ಮಾಯ: ಮೊಮ್ಮಗನ ಪೆನ್‌ಡ್ರೈವ್ ಮೇಲೊಂದು ಅನುಮಾನ

ಪ್ರಶ್ನೆ: ನಾನು ದಾವಣಗೆರೆಯ ವಿದ್ಯಾನಗರದಲ್ಲಿರುವ ನಿವೃತ್ತ ಹೈಸ್ಕೂಲ್ ಶಿಕ್ಷಕ. ಹಲವು ವರ್ಷ ಕೂಡಿಟ್ಟ ಕ್ಯಾಸೆಟ್‌ಗಳನ್ನೆಲ್ಲ ಎಂಪಿ3 ಮಾಡಿಸಿ, ಹೊರಗಿನಿಂದ ಜೋಡಿಸುವ 2 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟಿದ್ದೇನೆ. ವಿಂಡೋಸ್ ಕಂಪ್ಯೂಟರಿಗೆ ಲಿರಿಯನ್ ಮ್ಯೂಸಿಕ್ ಸರ್ವರ್ ಹಾಕಿಕೊಂಡು ಪಡಸಾಲೆಯ ಸ್ಪೀಕರಿನಲ್ಲಿ ಕೇಳುತ್ತೇವೆ. ‘ಬೆಳಗಿನ ವಚನ’, ‘ಸೋಬಾನೆ’, ‘ರಂಗಗೀತೆ’ ಎಂದು ಪ್ಲೇಲಿಸ್ಟ್‌ಗಳನ್ನು ಮಾಡಿಕೊಂಡು ಅವನ್ನೂ ಅದೇ ಡಿಸ್ಕ್‌ನಲ್ಲಿ ಇರಿಸಿದ್ದೇನೆ. ರಾತ್ರಿ ಶಟ್‌ಡೌನ್ ಮಾಡಿ ಬೆಳಿಗ್ಗೆ ಹಾಕಿದರೆ ಹೆಚ್ಚಿನ ದಿನ ಎಲ್ಲವೂ ಸರಿಯಾಗಿರುತ್ತದೆ. ಆದರೆ ರೀಸ್ಟಾರ್ಟ್ ಮಾಡಿದರೆ, ಇಲ್ಲವೇ ಕರೆಂಟ್ ಹೋಗಿ ಬಂದರೆ ತೊಂದರೆ. ಪಟ್ಟಿಯ ಹೆಸರಿರುತ್ತದೆ, ಒತ್ತಿದರೆ ಹಾಡು ಬರುವುದಿಲ್ಲ. ಗಾಬರಿಯಾಗಿ ರೀಸ್ಕ್ಯಾನ್ ಒತ್ತಿದರೆ ಹೆಸರೂ ಹೋಗಿಬಿಡುತ್ತದೆ. ಸಾಫ್ಟ್‌ವೇರನ್ನು ಎರಡು ಸಲ ತೆಗೆದು ಹಾಕಿದೆ. ಅಂಗಡಿಯವರು ಡಿಸ್ಕ್ ಬದಲಿಸಿ ಎನ್ನುತ್ತಾರೆ. ಮಗಳು ಬೆಂಗಳೂರಿನಿಂದ ತನ್ನ ಆಪಲ್ ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿ ಹಾಡುಗಳ ಸಮೇತ ಕಳಿಸಿದ್ದಳು. ಅದರಲ್ಲಿ ಹನ್ನೊಂದು ಹಾಡು ಯಾವತ್ತೂ ಬರುವುದಿಲ್ಲ, ಫೈಲುಗಳೇನೋ ಕಣ್ಣೆದುರಿಗೇ ಇವೆ. ಮೊಮ್ಮಗ ಆಗಾಗ ತನ್ನ ಪೆನ್‌ಡ್ರೈವನ್ನು ಇದರಲ್ಲೇ ಬಿಟ್ಟುಹೋಗುತ್ತಾನೆ ಎಂಬುದನ್ನು ಬಿಟ್ಟರೆ ಈ ಕಂಪ್ಯೂಟರನ್ನು ಬೇರೆ ಯಾರೂ ಮುಟ್ಟುವುದಿಲ್ಲ. ದಾರಿ ತೋರಿಸಿ.

ಉತ್ತರ: ಮೇಷ್ಟ್ರೇ, ಸದ್ಯಕ್ಕೆ ಹೊಸ ಡಿಸ್ಕ್ ಕೊಳ್ಳಬೇಡಿ. ನೀವು ಏನೂ ಅಲ್ಲವೆಂಬಂತೆ ಕೊನೆಯಲ್ಲಿ ಬರೆದ ಆ ಪೆನ್‌ಡ್ರೈವ್‌ನಲ್ಲಿ ಅರ್ಧ ಉತ್ತರವಿದೆ. ಇನ್ನರ್ಧ ಆ ರೀಸ್ಕ್ಯಾನ್ ಗುಂಡಿಯಲ್ಲಿದೆ. ಹನ್ನೊಂದು ಹಾಡುಗಳದು ಬೇರೆಯೇ ಕಥೆ, ಅದಕ್ಕೆ ಆಮೇಲೆ ಬರುತ್ತೇನೆ.

ಪ್ಲೇಲಿಸ್ಟ್‌ನೊಳಗೆ ಹಾಡಿರುವುದಿಲ್ಲ, ಹಾಡಿನ ವಿಳಾಸವಿರುತ್ತದೆ. ನಿಮ್ಮ ‘ಬೆಳಗಿನ ವಚನ’ ಎಂಬುದು ಎಂ3ಯು ಎಂಬ ಬಾಲವಿರುವ ಒಂದು ಸಾದಾ ಅಕ್ಷರದ ಫೈಲು. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ನಿಮಗೇ ಕಾಣುತ್ತದೆ: ಪ್ರತಿ ಹಾಡಿಗೂ ಎರಡು ಮೂರು ಸಾಲು, ಅದರಲ್ಲಿ ‘ಇ ಡ್ರೈವ್, ಹಾಡು ಫೋಲ್ಡರ್, ವಚನ ಫೋಲ್ಡರ್, ಇಂತಹ ಫೈಲು’ ಎಂದು ಪೂರ್ತಿ ವಿಳಾಸ. ಡಿಸ್ಕ್ ‘ಇ’ ಆಗಿ ಎದ್ದ ದಿನ ಎಲ್ಲವೂ ಸುಸೂತ್ರ. ಅದೇ ಡಿಸ್ಕ್ ‘ಎಫ್’ ಆಗಿ ಎದ್ದರೆ ಆ ವಿಳಾಸದಲ್ಲಿ ಯಾರೂ ಇಲ್ಲ.

1997ರಲ್ಲಿ ದಾವಣಗೆರೆ ನಮ್ಮ ದುರ್ಗದ ಜಿಲ್ಲೆಯಿಂದ ಬೇರೆಯಾದ ಮೇಲೂ ನಮ್ಮ ಮಾವನವರು ಲಕೋಟೆಯ ಮೇಲೆ ‘ದಾವಣಗೆರೆ, ಚಿತ್ರದುರ್ಗ ಜಿಲ್ಲೆ’ ಎಂದೇ ಬರೆಯುತ್ತಿದ್ದರು. ಕಾಗದ ಮುಟ್ಟುತ್ತಿತ್ತು, ಏಕೆಂದರೆ ಅಂಚೆಯವರಿಗೆ ಊರು ಗೊತ್ತಿತ್ತು. ಕಂಪ್ಯೂಟರಿಗೆ ಅಷ್ಟು ಲೋಕಜ್ಞಾನವಿಲ್ಲ. ಒಂದಕ್ಷರ ತಪ್ಪಿದರೂ ‘ಇಂಥವರು ಇಲ್ಲಿಲ್ಲ’ ಎಂದು ಷರಾ ಬರೆದು ಹಿಂದಿರುಗಿಸುತ್ತದೆ.

ಈ ಅಕ್ಷರ ಬದಲಾಗುವುದೇಕೆ? ವಿಂಡೋಸ್ ಒಂದು ಡಿಸ್ಕಿಗೆ ಒಮ್ಮೆ ಕೊಟ್ಟ ಅಕ್ಷರವನ್ನು ಸಾಮಾನ್ಯವಾಗಿ ನೆನಪಿಟ್ಟುಕೊಳ್ಳುತ್ತದೆ. ಆದರೆ ಡಿಸ್ಕ್ ಎದ್ದು ಬರುವಷ್ಟರಲ್ಲಿ ಆ ಅಕ್ಷರದ ಮೇಲೆ ಇನ್ನೊಬ್ಬರು ಕುಳಿತಿದ್ದರೆ ಮುಂದಿನ ಖಾಲಿ ಅಕ್ಷರವನ್ನು ಕೊಡುತ್ತದೆ. ಪೆನ್‌ಡ್ರೈವ್‌ನಲ್ಲಿ ತಿರುಗುವ ಭಾಗವೇ ಇಲ್ಲ, ತಟ್ಟನೆ ಎಚ್ಚರವಾಗುತ್ತದೆ. ನಿಮ್ಮ ಹಾರ್ಡ್ ಡಿಸ್ಕ್ ತಟ್ಟೆ ತಿರುಗಿಸಿ ವೇಗ ಹಿಡಿಯಲು ಕೆಲವು ಸೆಕೆಂಡು ತೆಗೆದುಕೊಳ್ಳುತ್ತದೆ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದವರದ್ದೇ ಸೀಟು.

ಹಾಗಾದರೆ ಶಟ್‌ಡೌನ್ ಮಾಡಿದ ಮರುದಿನ ಸರಿಯಿದ್ದು ರೀಸ್ಟಾರ್ಟ್‌ನಲ್ಲಿ ಮಾತ್ರ ಕೆಡುವುದೇಕೆ? ನೀವು ಇದನ್ನು ಗಮನಿಸಿ ಬರೆದದ್ದು ನನಗೆ ಬಹಳ ಉಪಕಾರವಾಯಿತು. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡಿದೆ. ಅದು ಚಾಲೂ ಇರುವಾಗ ನೀವು ‘ಶಟ್‌ಡೌನ್’ ಎಂದರೆ ಕಂಪ್ಯೂಟರ್ ನಿಮ್ಮನ್ನು ಮಾತ್ರ ಹೊರಗೆ ಕಳಿಸಿ, ತನ್ನ ಒಳಮನೆಯನ್ನು ಇದ್ದ ಹಾಗೆಯೇ ಡಿಸ್ಕಿಗೆ ಬರೆದಿಟ್ಟುಕೊಂಡು ಮಲಗುತ್ತದೆ. ಬೆಳಿಗ್ಗೆ ಎಬ್ಬಿಸಿದಾಗ ಅದೇ ನಕಲನ್ನು ಮತ್ತೆ ತೆರೆಯುತ್ತದೆ. ಸರ್ವೀಸ್ ರೂಪದಲ್ಲಿ, ಎಂದರೆ ತೆರೆಯ ಹಿಂದೆ ತಾನಾಗಿ ಓಡುವ ಸಂಗೀತ ಸರ್ವರ್ ಆ ಒಳಮನೆಯಲ್ಲೇ ಇರುವುದರಿಂದ ಅದಕ್ಕೆ ರಾತ್ರಿ ಕಳೆದದ್ದೇ ಗೊತ್ತಾಗುವುದಿಲ್ಲ. ‘ರೀಸ್ಟಾರ್ಟ್’ ಎಂದಾಗ ಹಾಗಲ್ಲ, ಎಲ್ಲವನ್ನೂ ಮೊದಲಿನಿಂದ ಕಟ್ಟುತ್ತದೆ. ಕರೆಂಟ್ ಹೋಗಿ ಬಂದಾಗಲೂ ಅಷ್ಟೇ. ಅಕ್ಷರ ಹಂಚುವ ಆಟ ಹೊಸದಾಗಿ ನಡೆಯುವುದು ಆಗ. ಹೆಸರಿನ ಅರ್ಥದ ಪ್ರಕಾರ ನೋಡಿದರೆ ಇದು ತಲೆಕೆಳಗಾದ ಲೆಕ್ಕ, ಎಷ್ಟೋ ರಿಪೇರಿಯವರೂ ಇಲ್ಲೇ ಮುಗ್ಗರಿಸುತ್ತಾರೆ.

ಇನ್ನು ರೀಸ್ಕ್ಯಾನ್. ಸರ್ವರ್ ಎಲ್ಲ ಹಾಡು ಮತ್ತು ಪಟ್ಟಿಗಳ ಹೆಸರನ್ನು ತನ್ನದೇ ಒಂದು ದಫ್ತರದಲ್ಲಿ ಬರೆದುಕೊಂಡಿರುತ್ತದೆ. ಡಿಸ್ಕ್ ಕಾಣದ ದಿನ ದಫ್ತರ ಇನ್ನೂ ಹಳೆಯದೇ, ಆದ್ದರಿಂದ ಹೆಸರು ತೋರಿಸುತ್ತದೆ. ಒತ್ತಿದಾಗ ಮಾತ್ರ ಫೈಲು ಸಿಗುವುದಿಲ್ಲ. ಆಗ ನೀವು ರೀಸ್ಕ್ಯಾನ್ ಒತ್ತಿದರೆ ‘ಹಾಜರಿ ಮತ್ತೆ ಕರೆ’ ಎಂದು ಅಪ್ಪಣೆ ಕೊಟ್ಟಂತೆ. ತರಗತಿಯ ಕೋಣೆಯೇ ಬದಲಾಗಿರುವಾಗ ಹಾಜರಿ ಕರೆದರೆ ಎಲ್ಲರೂ ಗೈರು. ಅದು ನಿಷ್ಠೆಯಿಂದ ಅಷ್ಟೂ ಹೆಸರನ್ನು ಹೊಡೆದು ಹಾಕುತ್ತದೆ. ಹೊಡೆದು ಹಾಕಿದ್ದು ದಫ್ತರದಲ್ಲಿ ಮಾತ್ರ, ನಿಮ್ಮ ಪಟ್ಟಿಯ ಫೈಲುಗಳು ಡಿಸ್ಕಿನ ಮೇಲೆ ಹಾಗೆಯೇ ಇವೆ.

ಆದ್ದರಿಂದ ಮೊದಲ ಕೆಲಸ, ಏನನ್ನೂ ಮಾಡದಿರುವುದು. ರೀಸ್ಕ್ಯಾನ್ ಬೇಡ, ಮೂರನೆಯ ಸಲ ತೆಗೆದು ಹಾಕುವುದಂತೂ ಬೇಡವೇ ಬೇಡ. ಕಂಪ್ಯೂಟರಿನ ಹುಡುಕುವ ಪೆಟ್ಟಿಗೆಯಲ್ಲಿ ನಕ್ಷತ್ರ, ಚುಕ್ಕಿ, ಎಂ3ಯು ಎಂದು ಕೊಟ್ಟು ಎರಡೂ ಡಿಸ್ಕ್‌ಗಳಲ್ಲಿ ಹುಡುಕಿ. ಸಿಕ್ಕಿದ್ದನ್ನೆಲ್ಲ ಒಂದು ಹೊಸ ಫೋಲ್ಡರಿಗೆ ನಕಲು ಮಾಡಿ, ನಿಮಗೇ ಒಂದು ಇಮೇಲ್ ಕಳಿಸಿಕೊಳ್ಳಿ. ನೂರು ಹಾಡಿನ ಪಟ್ಟಿಯೂ ಒಂದು ಸಣ್ಣ ಫೋಟೊಗಿಂತ ಹಗುರ. ಹುಡುಕುವಾಗ ಒಂದೇ ಹೆಸರಿನ ಪಟ್ಟಿ ಎರಡು ಕಡೆ ಸಿಕ್ಕಿದರೆ ಆಶ್ಚರ್ಯಪಡಬೇಡಿ. ಎರಡು ಸಲ ಹೊಸದಾಗಿ ಹಾಕಿದಿರಲ್ಲ, ಒಂದೊಂದು ಸಲವೂ ಒಂದೊಂದು ಕಡೆ ಉಳಿಸಿರಬಹುದು. ಎರಡನ್ನೂ ಇಟ್ಟುಕೊಳ್ಳಿ.

ಈಗ ಡಿಸ್ಕಿಗೆ ಕಾಯಂ ವಿಳಾಸ. ಪೆನ್‌ಡ್ರೈವ್ ತೆಗೆದು, ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗಡೆ ಒತ್ತಿದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ಎಂದು ಬರುತ್ತದೆ. ಅಲ್ಲಿ ನಿಮ್ಮ 2 ಟಿಬಿ ಡಿಸ್ಕಿನ ಮೇಲೆ ಮತ್ತೆ ಬಲಗಡೆ ಒತ್ತಿ, ಚೇಂಜ್ ಡ್ರೈವ್ ಲೆಟರ್ ಎಂಬುದನ್ನು ಆರಿಸಿ, ಇಂಗ್ಲಿಷಿನ ಎಂ ಅಕ್ಷರ ಕೊಡಿ. ಎಂ ಏಕೆಂದರೆ ವಿಂಡೋಸ್ ಖಾಲಿ ಅಕ್ಷರ ಹುಡುಕುವಾಗ ಮುಂದಿನಿಂದ ಶುರುಮಾಡುತ್ತದೆ. ಎಂ ತನಕ ಬರಬೇಕಾದರೆ ನಿಮ್ಮ ಮನೆಗೆ ಇನ್ನೂ ಎಂಟು ಹತ್ತು ಮೊಮ್ಮಕ್ಕಳು ಪೆನ್‌ಡ್ರೈವ್ ಹಿಡಿದು ಬರಬೇಕು. ಅದೇ ಕಿಟಕಿಯಲ್ಲಿ ಫಾರ್ಮ್ಯಾಟ್ ಎಂಬ ಸಾಲೂ ಇದೆ, ಅದರ ಹತ್ತಿರ ಕೈ ಹೋಗದಿರಲಿ.

ನಂತರ ಬ್ರೌಸರಿನಲ್ಲಿ ಸರ್ವರಿನ ಪುಟ ತೆರೆದು (ಅದು 9000 ಎಂಬ ಪೋರ್ಟ್‌ನಲ್ಲಿರುತ್ತದೆ, ನಿಮಗೆ ಗೊತ್ತಿರುತ್ತದೆ) ಬೇಸಿಕ್ ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ ಹಾಡಿನ ಫೋಲ್ಡರ್ ಬೇರೆ, ಪ್ಲೇಲಿಸ್ಟ್ ಫೋಲ್ಡರ್ ಬೇರೆ. ಹಾಡಿನದನ್ನು ಎಂ ಡ್ರೈವ್‌ಗೆ ತಿರುಗಿಸಿ. ಪ್ಲೇಲಿಸ್ಟ್ ಫೋಲ್ಡರನ್ನು ಮಾತ್ರ ಡಿಸ್ಕಿನಿಂದ ತೆಗೆದು ಕಂಪ್ಯೂಟರಿನ ಸಿ ಡ್ರೈವ್‌ನಲ್ಲೇ, ಇಂಗ್ಲಿಷ್ ಅಕ್ಷರದ ಒಂದು ಗಿಡ್ಡ ಹೆಸರಿನಲ್ಲಿ ಮಾಡಿ. ಇದರ ಬಗ್ಗೆ ಭಿನ್ನಾಭಿಪ್ರಾಯವಿದೆ. ಹಾಡಿನ ಜೊತೆಗೇ ಪಟ್ಟಿ ಇದ್ದರೆ ಡಿಸ್ಕನ್ನು ಬೇರೆ ಮನೆಗೆ ಒಯ್ಯುವುದು ಸುಲಭ ಎನ್ನುವವರಿದ್ದಾರೆ. ನನ್ನ ಮಟ್ಟಿಗೆ, ಡಿಸ್ಕ್ ಕೈಕೊಟ್ಟ ದಿನವೂ ಪಟ್ಟಿ ಉಳಿದಿರುವುದು ಹೆಚ್ಚು ಮುಖ್ಯ. ಹಾಡನ್ನು ಮತ್ತೆ ಹುಡುಕಬಹುದು, ಯಾವ ವಚನದ ನಂತರ ಯಾವುದು ಬರಬೇಕೆಂದು ನೀವು ಕುಳಿತು ಜೋಡಿಸಿದ ಕ್ರಮ ಇನ್ನೆಲ್ಲೂ ಸಿಗುವುದಿಲ್ಲ.

ಹಳೆಯ ಪಟ್ಟಿಗಳಲ್ಲಿ ಹಳೆಯ ವಿಳಾಸವೇ ಇದೆ, ತಿದ್ದಬೇಕು. ನೋಟ್‌ಪ್ಯಾಡ್‌ನಲ್ಲಿ ತೆರೆದು, ರೀಪ್ಲೇಸ್‌ನಿಂದ ಇ ಎಂಬುದನ್ನು ಎಂ ಮಾಡಿದರೆ ಆಯಿತು ಎನ್ನಿಸುತ್ತದೆ. ನಿಲ್ಲಿ, ಇಲ್ಲೊಂದು ಹಳ್ಳವಿದೆ. ಡಿಸ್ಕ್ ‘ಎಫ್’ ಆಗಿದ್ದ ದಿನ ನೀವು ಮಾಡಿದ ಪಟ್ಟಿಯಲ್ಲಿ ಎಫ್ ಇರುತ್ತದೆ. ಎಫ್ ಮತ್ತು ಅದರ ಮುಂದಿನ ಎರಡು ಚುಕ್ಕಿಯನ್ನು ಹುಡುಕಿ ಬದಲಿಸಿದಿರೋ, ಪ್ರತಿ ಹಾಡಿನ ಮೇಲೂ ಇರುವ ಎಕ್ಸ್ಟ್‌ಇನ್ಫ್ ಎಂಬ ತಲೆಸಾಲಿನ ಗುರುತು ಕೂಡ ಎಫ್ ಮತ್ತು ಎರಡು ಚುಕ್ಕಿಯಿಂದಲೇ ಮುಗಿಯುವುದರಿಂದ ಅದೂ ಕೆಟ್ಟುಹೋಗುತ್ತದೆ. ನಾನು ಒಬ್ಬರ ಮನೆಯಲ್ಲಿ ಕುಳಿತು ಒಂದೇ ಏಟಿಗೆ ಆರು ಪಟ್ಟಿಗಳ ತಲೆಸಾಲನ್ನು ಕೆಡಿಸಿ, ಅವರು ತಂದುಕೊಟ್ಟ ಮಂಡಕ್ಕಿ ಮೆಣಸಿನಕಾಯಿ ಗಂಟಲಲ್ಲಿ ಇಳಿಯದೆ ಕುಳಿತಿದ್ದೇನೆ. ಆದ್ದರಿಂದ ಅಕ್ಷರ, ಎರಡು ಚುಕ್ಕಿ, ಅದರ ಮುಂದಿನ ಓರೆಗೆರೆ, ಈ ಮೂರನ್ನೂ ಸೇರಿಸಿ ಹುಡುಕಿ. ಓರೆಗೆರೆ ಒಂದು ಸಾಲಿನಲ್ಲಿ ಎಡಕ್ಕೆ, ಇನ್ನೊಂದು ಸಾಲಿನಲ್ಲಿ ಬಲಕ್ಕೆ ವಾಲಿರುತ್ತದೆ, ಹಾಗಾಗಿ ಎರಡು ಸಲ ಬದಲಿಸಬೇಕು. ಉಳಿಸುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಪದ್ಧತಿ) ಯುಟಿಎಫ್-8 ಇರಲಿ. ತಿದ್ದಿದವನ್ನು ಸಿ ಡ್ರೈವ್‌ನ ಹೊಸ ಫೋಲ್ಡರಿಗೆ ಹಾಕಿದ ಮೇಲೆ ರೀಸ್ಕ್ಯಾನ್ ಒತ್ತಿ. ಈಗ ಒತ್ತಬಹುದು.

ಇನ್ನೊಂದು ಸಾಧ್ಯತೆಯನ್ನೂ ಮುಚ್ಚಿಬಿಡೋಣ. ಅಕ್ಷರ ಸರಿಯಿದ್ದರೂ ಡಿಸ್ಕ್ ಏಳುವ ಮೊದಲೇ ಸರ್ವರ್ ಎದ್ದು ನೋಡಿದರೆ ಮತ್ತೆ ಅದೇ ಗೋಳು. ವಿಂಡೋಸ್‌ನ ಸರ್ವೀಸಸ್ ಎಂಬ ಪಟ್ಟಿಯಲ್ಲಿ ಈ ಸರ್ವರಿನ ಹೆಸರು ಹುಡುಕಿ, ಸ್ಟಾರ್ಟಪ್ ಟೈಪ್‌ನಲ್ಲಿ ಆಟೊಮ್ಯಾಟಿಕ್ ಬದಲು ಆಟೊಮ್ಯಾಟಿಕ್ ಡಿಲೇಡ್ ಸ್ಟಾರ್ಟ್ ಎಂದು ಮಾಡಿ. ಉಳಿದ ಸರ್ವೀಸ್‌ಗಳೆಲ್ಲ ಎದ್ದು ಸುಮಾರು ಎರಡು ನಿಮಿಷ ಕಳೆದ ಮೇಲೆ ಇದರ ಸರದಿ ಬರುತ್ತದೆ. ಬೆಳಗಿನ ವಚನ ಎರಡು ನಿಮಿಷ ತಡವಾದರೆ ಮನೆಯವರು ಬೇಸರಿಸಲಾರರು. ಈ ಸಾಫ್ಟ್‌ವೇರಿನ ಬಗ್ಗೆ ಬೇರೆ ಕಡೆ ಓದುವಾಗ ಒಂದು ಮಾತು ನೆನಪಿರಲಿ: ಇದು ಮೊದಲು ಸ್ಲಿಮ್‌ಸರ್ವರ್ ಆಗಿತ್ತು, ಬಹಳ ಕಾಲ ಲಾಜಿಟೆಕ್ ಮೀಡಿಯಾ ಸರ್ವರ್ ಆಗಿತ್ತು, ಲಿರಿಯನ್ ಎಂಬ ಹೆಸರು ಬಂದದ್ದು 2024ರಲ್ಲಿ. ಫೋಲ್ಡರ್ ಹೆಸರುಗಳಲ್ಲಿ ಸ್ಕ್ವೀಝ್‌ಬಾಕ್ಸ್ ಎಂದು ಕಂಡರೂ ಅದು ಇದರದ್ದೇ, ಕಸವೆಂದು ಅಳಿಸಬೇಡಿ.

ಹಾಡುತ್ತಿದ್ದ ಸಾಲು, ಎಂದರೆ ‘ಈಗ ನುಡಿಯುತ್ತಿರುವುದು’, ಉಳಿಸಿದ ಪ್ಲೇಲಿಸ್ಟ್‌ಗಿಂತ ಬೇರೆ. ಅದನ್ನು ನೀವು ಹೆಸರು ಕೊಟ್ಟು ಉಳಿಸಿರುವುದಿಲ್ಲ. ಸರ್ವರ್ ಒಂದೊಂದು ಪ್ಲೇಯರಿಗೂ ಅದನ್ನು ಪ್ರತ್ಯೇಕವಾಗಿ ನೆನಪಿಡುತ್ತದೆ. ಪ್ಲೇಯರಿನ ಗುರುತು ಅದರ ಮ್ಯಾಕ್ ವಿಳಾಸ, ಎಂದರೆ ನೆಟ್‌ವರ್ಕ್‌ನಲ್ಲಿ ಆ ಉಪಕರಣದ ಗುರುತಿನ ಸಂಖ್ಯೆ. ಫೋನಿನಲ್ಲಿ ಪ್ಲೇಯರ್ ಆ್ಯಪ್ ತೆಗೆದು ಹೊಸದಾಗಿ ಹಾಕಿದರೆ ಗುರುತು ಬದಲಾಗಬಹುದು, ಬದಲಾದರೆ ಸರ್ವರಿನ ಕಣ್ಣಿಗೆ ಅದು ಹೊಸ ನೆಂಟ. ಆ ಸಾಲು ಇಷ್ಟವಾದರೆ ಆಗಲೇ ಹೆಸರು ಕೊಟ್ಟು ಉಳಿಸಿ.

ಇನ್ನು ಆ ಹನ್ನೊಂದು ಹಾಡು. ಇದು ವಿಂಡೋಸಿನ ತಂಟೆಯಲ್ಲ, ಕನ್ನಡದ್ದು. ನಿಮಗೆ ಇದು ಹಿಡಿಸುತ್ತದೆ ಎಂದುಕೊಂಡಿದ್ದೇನೆ, ಏಕೆಂದರೆ ಕಾಗುಣಿತದ ಪಾಠ ಇದು.

‘ಕೋ’ ಎಂದು ಬರೆಯುವುದು ಹೇಗೆ? ಕ-ಕ್ಕೆ ಒತ್ವ, ಅದಕ್ಕೆ ದೀರ್ಘ. ಕಂಪ್ಯೂಟರಿನೊಳಗೆ ಇದನ್ನು ಎರಡು ರೀತಿಯಲ್ಲಿ ಬರೆದಿಡಬಹುದು. ಒಂದು ರೀತಿಯಲ್ಲಿ ಕ, ಅದರ ಪಕ್ಕ ‘ೋ’ ಎಂಬ ಒಂದೇ ಚಿಹ್ನೆ. ಇನ್ನೊಂದು ರೀತಿಯಲ್ಲಿ ಕ, ಆಮೇಲೆ ‘ೆ’, ಆಮೇಲೆ ‘ೂ’, ಕೊನೆಗೆ ‘ೕ’ ಎಂಬ ದೀರ್ಘ, ಹೀಗೆ ಮೂರು ಬಿಡಿ ಚಿಹ್ನೆ. ಕೀ, ಕೇ, ಕೈ, ಕೊ ಇವೂ ಹಾಗೆಯೇ ಒಡೆಯುತ್ತವೆ. ಪರದೆಯ ಮೇಲೆ ಎರಡೂ ಒಂದೇ ‘ಕೋ’. ಒಳಗೆ ಬೈಟುಗಳ ಲೆಕ್ಕವೇ ಬೇರೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟು, ಆದ್ದರಿಂದ ಒಂದು ಕಡೆ ಆರು, ಇನ್ನೊಂದು ಕಡೆ ಹನ್ನೆರಡು. ಆಪಲ್ ಕಂಪ್ಯೂಟರಿನ ಎಚ್‌ಎಫ್‌ಎಸ್ ಪ್ಲಸ್ ಎಂಬ ಹಳೆಯ ಡಿಸ್ಕ್ ವ್ಯವಸ್ಥೆ ಫೈಲಿನ ಹೆಸರನ್ನು ಬಿಡಿಸಿ ಬರೆಯುವ ಪದ್ಧತಿಯದು. ವಿಂಡೋಸ್ ಕೊಟ್ಟದ್ದನ್ನು ಕೊಟ್ಟ ಹಾಗೆ ಇಟ್ಟುಕೊಳ್ಳುತ್ತದೆ. ಮಗಳು ಕಳಿಸಿದ ಪಟ್ಟಿಯಲ್ಲಿ ‘ಕೋಲಾಟ’ ಒಂದು ಬಗೆಯಲ್ಲಿದ್ದು, ಫೈಲಿನ ಹೆಸರಿನಲ್ಲಿ ಇನ್ನೊಂದು ಬಗೆಯಲ್ಲಿದ್ದರೆ ಎರಡೂ ಒಂದನ್ನೊಂದು ಗುರುತಿಸುವುದಿಲ್ಲ. ಬರದ ಹನ್ನೊಂದು ಹಾಡಿನ ಹೆಸರುಗಳನ್ನು ಬರೆದು ನೋಡಿ. ಎಲ್ಲದರಲ್ಲೂ ಇಂತಹ ಒಂದಾದರೂ ಅಕ್ಷರವಿದ್ದು, ಬರುವ ಹಾಡುಗಳಲ್ಲಿ ಇಲ್ಲದಿದ್ದರೆ ಕಳ್ಳ ಸಿಕ್ಕಂತೆ.

ಅದಲ್ಲವಾದರೆ ಇನ್ನೊಬ್ಬ ಕಳ್ಳನಿದ್ದಾನೆ, ಇವನು ಕಣ್ಣಿಗೇ ಬೀಳುವುದಿಲ್ಲ. ‘ಕ್ಯಾಸೆಟ್‌ನ’ ಎಂದು ಬರೆಯುವಾಗ ಟ-ಕ್ಕೆ ನ ಒತ್ತಾಗಿ ಬೀಳದಿರಲೆಂದು ನಡುವೆ ಒಂದು ಅದೃಶ್ಯ ಗುರುತು ಹಾಕುತ್ತೇವೆ. ಕನ್ನಡಕ್ಕೆ ಅದು ಬೇಕೇಬೇಕು. ಆದರೆ ಕೆಲವು ಕೀಲಿಮಣೆಗಳು ‘ಕ್ಯಾಸೆಟ್’ ಎಂದು ಅರ್ಧಾಕ್ಷರದಲ್ಲಿ ಮುಗಿದ ಪದದ ಕೊನೆಗೂ, ಯಾರೂ ಕೇಳದಿದ್ದರೂ, ಅದನ್ನು ಅಂಟಿಸಿಬಿಡುತ್ತವೆ. ಅದು ಇರುವ ‘ಕ್ಯಾಸೆಟ್ 12’ ಬೇರೆ, ಇಲ್ಲದ ‘ಕ್ಯಾಸೆಟ್ 12’ ಬೇರೆ. ಒಂದೇ ಫೋಲ್ಡರಿನಲ್ಲಿ ಎರಡೂ ಅಕ್ಕಪಕ್ಕ ಕುಳಿತಿರುವುದನ್ನು ನಾನು ನೋಡಿದ್ದೇನೆ. ಕಂಡುಹಿಡಿಯುವ ಸುಲಭದ ದಾರಿಯೆಂದರೆ ಹೆಸರು ಬದಲಿಸುವ ಪೆಟ್ಟಿಗೆಯಲ್ಲಿ ಕರ್ಸರನ್ನು ಬಾಣದ ಕೀಲಿಯಿಂದ ಒಂದೊಂದೇ ಹೆಜ್ಜೆ ನಡೆಸುವುದು. ಎಲ್ಲಾದರೂ ಒತ್ತಿದರೂ ಅದು ನಿಂತಲ್ಲೇ ನಿಂತಂತೆ ಕಂಡರೆ ಅಲ್ಲೊಬ್ಬ ಅಡಗಿದ್ದಾನೆ.

ಪಟ್ಟಿಯ ಬಾಲವನ್ನೂ ಒಮ್ಮೆ ನೋಡಿ. ಬರೀ ಎಂ3ಯು ಎಂದಿದ್ದರೆ ಕೆಲವು ಸಾಫ್ಟ್‌ವೇರ್ ಅದನ್ನು ಹಳೆಯ ಪಾಶ್ಚಾತ್ಯ ಅಕ್ಷರಗಳ ಫೈಲೆಂದು ಓದಿ ಕನ್ನಡವನ್ನೆಲ್ಲ ಚಿತ್ರಾನ್ನ ಮಾಡುತ್ತವೆ. ಕೊನೆಗೆ 8 ಸೇರಿಸಿ ಎಂ3ಯು8 ಮಾಡಿದರೆ ‘ಇದು ಯುಟಿಎಫ್-8’ ಎಂದು ಹೇಳಿದಂತೆ. ಹನ್ನೊಂದೇ ಹಾಡಾದ್ದರಿಂದ ನೀವು ದೊಡ್ಡ ಉಪಾಯಗಳಿಗೆ ಕೈಹಾಕಬೇಡಿ. ನಿಮ್ಮ ಕಂಪ್ಯೂಟರಿನಲ್ಲೇ ಆ ಫೈಲುಗಳ ಹೆಸರನ್ನು ಪೂರ್ತಿ ಅಳಿಸಿ ಇಂಗ್ಲಿಷ್ ಅಕ್ಷರ ಮತ್ತು ಅಂಕಿಯಲ್ಲಿ ಹೊಸದಾಗಿ ಕೊಡಿ, ಒಂದು ರೀಸ್ಕ್ಯಾನ್ ಆದ ಮೇಲೆ ಸರ್ವರಿನೊಳಗಿನಿಂದಲೇ ಅವನ್ನು ಪಟ್ಟಿಗೆ ಸೇರಿಸಿ. ಕನ್ನಡದ ಹೆಸರು ಹಾಡಿನೊಳಗಿನ ಟ್ಯಾಗ್‌ನಲ್ಲಿ ಇರಲಿ. ಪರದೆಯ ಮೇಲೆ ಕಾಣುವುದು ಅದೇ. ಕನ್ನಡದ ಫೈಲು ಹೆಸರಿಗೆ ನನ್ನ ವಿರೋಧವೇನಿಲ್ಲ, ಆದರೆ ಮೂರು ಕಂಪ್ಯೂಟರ್ ದಾಟಿ ಬರುವ ಫೈಲಿಗೆ ನಾನೇ ಈಗ ಇಂಗ್ಲಿಷ್ ಹೆಸರಿಡುತ್ತೇನೆ.

ಇದೇ ಕಾಯಿಲೆ ಲಿನಕ್ಸ್ ಬಳಸುವವರಿಗೂ ಬರುತ್ತದೆ, ಅವರಿಗಾಗಿ ಎರಡು ಮಾತು. ಡಿಸ್ಕನ್ನು ಎಫ್‌ಸ್ಟ್ಯಾಬ್ ಎಂಬ ಫೈಲಿನಲ್ಲಿ ಯುಯುಐಡಿ (ಡಿಸ್ಕಿನ ಕಾಯಂ ಗುರುತು) ಕೊಟ್ಟು ಒಂದೇ ಜಾಗದಲ್ಲಿ ಕೂರಿಸಿ, ಲಾಗಿನ್ ಆದ ಮೇಲೆ ತಾನಾಗಿ ಜೋಡಣೆಯಾಗುವುದನ್ನು ನಂಬಬೇಡಿ. ಎಂಪಿಡಿ ಎಂಬ ಸಂಗೀತ ಸರ್ವರ್ ಬಳಸುವವರು ಅದರ ಸಂರಚನೆಯಲ್ಲಿ ಸ್ಟೇಟ್ ಫೈಲ್ ಎಲ್ಲಿರಬೇಕೆಂದು ಬರೆಯದಿದ್ದರೆ ಹಾಡುತ್ತಿದ್ದ ಸಾಲು ಪ್ರತಿ ಸಲವೂ ಮರೆತುಹೋಗುತ್ತದೆ. ಡಾಕರ್‌ನಲ್ಲಿ, ಎಂದರೆ ಸಾಫ್ಟ್‌ವೇರನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸುವವರು ದತ್ತಾಂಶದ ಫೋಲ್ಡರನ್ನು ಹೊರಗೆ ಇಡದಿದ್ದರೆ, ಕಂಟೇನರ್ ಹೊಸದಾಗಿ ಕಟ್ಟಿದ ದಿನ ಹಳೆಯದರ ಜೊತೆಗೆ ಎಲ್ಲವೂ ಹೋಗುತ್ತದೆ.

ಕರೆಂಟಿನ ಮಾತು ಉಳಿಯಿತು. ಎರಡು ಬೇಸಿಗೆಯ ಹಿಂದೆ ದುರ್ಗದ ನಮ್ಮ ಮನೆಯಲ್ಲಿ ಅಂಗೈಯಗಲದ ಪುಟ್ಟ ಕಂಪ್ಯೂಟರಿನಲ್ಲಿ ಸಂಗೀತ ಸರ್ವರ್ ಓಡುತ್ತಿತ್ತು. ಪಟ್ಟಿ ಉಳಿಸುತ್ತಿರುವಾಗಲೇ ಕರೆಂಟ್ ಹೋಯಿತು. ಬಂದ ಮೇಲೆ ನೋಡಿದರೆ ಪಟ್ಟಿಯ ಫೈಲು ಇದೆ, ಗಾತ್ರ ಸೊನ್ನೆ. ಹೆಂಡತಿ ಕೂಡಿಸಿದ ಜಾನಪದ ಗೀತೆಗಳ ಪಟ್ಟಿ ಅದು, ಮುಂದಿನ ಒಂದು ವಾರ ಮನೆಯಲ್ಲಿ ಸಂಗೀತವೂ ಇರಲಿಲ್ಲ, ಮಾತೂ ಇರಲಿಲ್ಲ. ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದರೂ ಅದು ಬದಲಾಗುವ ಆ ಒಂದು ಕ್ಷಣದಲ್ಲಿ ಕೆಲವು ಕಂಪ್ಯೂಟರ್‌ಗಳು ನಂದಿ ಹೋಗುತ್ತವೆ. ಸಣ್ಣ ಯುಪಿಎಸ್ ಒಂದನ್ನು ಕಂಪ್ಯೂಟರಿಗೂ ಡಿಸ್ಕಿಗೂ ಸೇರಿಸಿ ಕೊಡಿ. ಕಂಪ್ಯೂಟರಿಗೆ ಮಾತ್ರ ಕೊಟ್ಟು ಡಿಸ್ಕಿನ ಅಡಾಪ್ಟರನ್ನು ಗೋಡೆಗೆ ಸಿಕ್ಕಿಸಿದರೆ ಏನೂ ಕೊಡದಂತೆಯೇ.

ಎಲ್ಲ ಮುಗಿದ ಮೇಲೆ ಪರೀಕ್ಷೆ ಹೀಗೆ ಮಾಡಿ. ಮೊಮ್ಮಗನ ಪೆನ್‌ಡ್ರೈವನ್ನು ಬೇಕೆಂದೇ ಸಿಕ್ಕಿಸಿ, ರೀಸ್ಟಾರ್ಟ್ ಒತ್ತಿ, ಐದು ನಿಮಿಷ ಬಿಟ್ಟು ‘ಬೆಳಗಿನ ವಚನ’ ತೆರೆಯಿರಿ. ಹಾಡು ಬಂದರೆ ಆಯಿತು. ಬರದಿದ್ದರೆ ಏನನ್ನೂ ಒತ್ತದೆ ಮೊದಲು ದಿಸ್ ಪಿಸಿ ಎಂಬಲ್ಲಿ ಡಿಸ್ಕಿನ ಅಕ್ಷರ ಏನಿದೆ ನೋಡಿ, ಆಮೇಲೆ ಸರ್ವರಿನ ಇನ್ಫರ್ಮೇಶನ್ ಪುಟದಲ್ಲಿ ತೋರಿಸುವ ಫೋಲ್ಡರ್‌ಗಳ ಹೆಸರನ್ನೂ ಲಾಗ್ ಫೈಲಿನ ಕೊನೆಯ ಇಪ್ಪತ್ತು ಸಾಲುಗಳನ್ನೂ ನಕಲು ಮಾಡಿ ನನಗೆ ಕಳಿಸಿ.